ಒಂದೇ ಗಿಡವನ್ನು ಎರಡು ಸಲ ನೋಡಿ



ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ದಿನ ನೀವು ಕಾಡಂಚಿನ ಕಾಲುದಾರಿಯಲ್ಲಿ ನಡೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ದಾರಿಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಗಿಡ. ಅದರ ತುದಿಯಲ್ಲಿ ಮಣಿ ಪೋಣಿಸಿದಂತೆ ಹೊಳೆಯುವ ಕೆಂಪು ಹಣ್ಣುಗಳು. ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಜೊತೆಗಿದ್ದ ಗೆಳೆಯ "ತಿನ್ನಬಹುದು ಕಣೋ" ಎನ್ನುತ್ತಾನೆ. ಇನ್ನೊಬ್ಬ "ಮುಟ್ಟಬೇಡ ಮಾರಾಯ, ವಿಷ" ಎನ್ನುತ್ತಾನೆ. ಗಿಡದ ಹೆಸರು ಮಾತ್ರ ಇಬ್ಬರಿಗೂ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ನೀವು ಏನು ನೋಡಬೇಕು, ಆ ಗಿಡ ನಿಮಗೆ ಇಷ್ಟವಾದರೆ ಅದಕ್ಕೆ ಕೇಡು ಮಾಡದೆ ಮನೆಯಂಗಳದಲ್ಲಿ ಬೆಳೆಸುವುದು ಹೇಗೆ ಎಂಬುದನ್ನು ಈ ಹೊತ್ತು ಮಾತನಾಡೋಣ.

ಮೊದಲು ಬಣ್ಣದ ವಿಚಾರ. ಆ ಕೆಂಪು ನಿಮ್ಮನ್ನು ಕರೆಯುತ್ತಿಲ್ಲ, ಹಕ್ಕಿಯನ್ನು ಕರೆಯುತ್ತಿದೆ. ಜೇನುಹುಳುವಿಗೆ ಬಣ್ಣಗಳು ಕಾಣುತ್ತವೆ, ಆದರೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ ಎಂಬುದನ್ನು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ 1914ರಲ್ಲೇ ಪ್ರಯೋಗದಿಂದ ತೋರಿಸಿದರು. ಹಕ್ಕಿಗಳ ಕಣ್ಣಿಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಹಸಿರೆಲೆಗಳ ನಡುವೆ ಅದು ದೂರದಿಂದಲೇ ಎದ್ದು ತೋರುತ್ತದೆ. ಹಕ್ಕಿಗೆ ಹಲ್ಲಿಲ್ಲ, ಸಣ್ಣ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ತಿರುಳು ಜೀರ್ಣವಾಗುತ್ತದೆ, ಬೀಜ ಇನ್ನೆಲ್ಲೋ ಬೀಳುತ್ತದೆ. ಗಿಡಕ್ಕೆ ಬೇಕಾದದ್ದು ಅದೇ. ಹೀಗಿರುವಾಗ "ಪಿಕಳಾರ ತಿನ್ನುತ್ತದಲ್ಲ, ನಾವೂ ತಿನ್ನಬಹುದು" ಎಂಬ ಮಾತಿಗೆ ಅರ್ಥವಿಲ್ಲ. ಹಕ್ಕಿಯ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ.

ಇನ್ನು ಗುರುತಿಸುವ ವಿಚಾರ. ನನ್ನ ವಿದ್ಯಾರ್ಥಿಗಳಿಗೆ ನಾನು ಸದಾ ಹೇಳುತ್ತಿದ್ದುದು ಒಂದೇ: ಒಂದು ಗಿಡವನ್ನು ಎರಡು ಸಲ ನೋಡಿ, ಹೂ ಬಿಟ್ಟಾಗ ಒಮ್ಮೆ, ಹಣ್ಣಾದಾಗ ಒಮ್ಮೆ. ಗಿಡದ ಕುಲಗೋತ್ರವೆಲ್ಲ ಹೂವಿನಲ್ಲಿರುತ್ತದೆ. ಹಣ್ಣಾಗುವ ಹೊತ್ತಿಗೆ ದಳ ಉದುರಿರುತ್ತದೆ, ಕೇಸರ ಒಣಗಿರುತ್ತದೆ. ನಿಮ್ಮ ಕೈಗೆ ಸಿಗುವುದು ಒಂದು ಕೆಂಪು ಗುಂಡು ಮಾತ್ರ. ಕೆಂಪು ಗುಂಡುಗಳು ಕಾಡಿನಲ್ಲಿ ನೂರು ಇವೆ. ಆದ್ದರಿಂದ ಹೂ ಕಂಡ ದಿನ ಗಿಡಕ್ಕೆ ಒಂದು ಬಣ್ಣದ ದಾರ ಕಟ್ಟಿ, ಪುಸ್ತಕದಲ್ಲಿ ತಾರೀಖು, ಜಾಗ, ಎಲೆಯ ಜೋಡಣೆ, ದಳಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದೆರಡು ತಿಂಗಳ ಮೇಲೆ ಅದೇ ದಾರ ಹುಡುಕಿಕೊಂಡು ಹೋಗಿ. ಇದಕ್ಕೆ ದುರ್ಬೀನೂ ಬೇಡ, ಸೂಕ್ಷ್ಮದರ್ಶಕವೂ ಬೇಡ.

ಕರಾವಳಿ, ಮಲೆನಾಡಿನವರು ಕೇಪಳದಿಂದಲೇ ಅಭ್ಯಾಸ ಆರಂಭಿಸಬಹುದು. ಗುಡ್ಡದ ಮೇಲೆ, ಪೊದೆಗಳ ನಡುವೆ ಕೆಂಪು ಹೂವಿನ ಚೆಂಡುಗಳನ್ನು ಹೊತ್ತು ನಿಂತಿರುತ್ತದೆ. ಪ್ರತಿ ಹೂವಿಗೂ ಉದ್ದನೆಯ ಸಣ್ಣ ಕೊಳವೆ, ತುದಿಯಲ್ಲಿ ನಾಲ್ಕು ಎಸಳು. ಕೊಳವೆಯ ತಳದ ಮಕರಂದಕ್ಕೆ ಚಿಟ್ಟೆಯ ಉದ್ದನೆಯ ನಾಲಿಗೆಯೇ ಬೇಕು. ಎಲೆಗಳು ಎದುರುಬದುರು. ಈಗ ಎರಡು ಎಲೆಗಳ ನಡುವೆ ಕಾಂಡದ ಮೇಲೆ ನೋಡಿ: ಮೊನಚಾದ ಒಂದು ಪುಟ್ಟ ಹೊದಿಕೆ ಕಾಣುತ್ತದೆ. ಇದು ವೃಂತಪರ್ಣ. ಕಾಫಿ ಗಿಡದಲ್ಲೂ ಇದೇ ಜಾಗದಲ್ಲಿ ಇದೇ ಗುರುತು ಇದೆ, ಏಕೆಂದರೆ ಎರಡೂ ಒಂದೇ ಕುಟುಂಬದವು. ಹಣ್ಣಾದ ಮೇಲೆ ಬಂದು ನೋಡಿದರೆ ನಂಟು ಇನ್ನೂ ಸ್ಪಷ್ಟವಾಗುತ್ತದೆ. ಕೇಪಳದ ಹಣ್ಣು ಕೆಂಪಾಗಿ, ಆಮೇಲೆ ಕಪ್ಪಿಗೆ ತಿರುಗುತ್ತದೆ. ಒಳಗೆ ಕಾಫಿಯಂತೆಯೇ ಮುಖಕ್ಕೆ ಮುಖ ಕೊಟ್ಟ ಎರಡು ಬೀಜ. ಕರಾವಳಿಯ ಮಕ್ಕಳು ಈ ಹಣ್ಣನ್ನು ತಲೆತಲಾಂತರದಿಂದ ತಿಂದುಕೊಂಡೇ ಬಂದಿದ್ದಾರೆ. ಈ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಇಕ್ಸೋರಾ ಎಂಬ ಹೆಸರು. ಅದು ನಮ್ಮ 'ಈಶ್ವರ' ಶಬ್ದದಿಂದ ಬಂದದ್ದೆಂದು ಹೇಳುತ್ತಾರೆ.

ಅದೇ ಗುಡ್ಡದಲ್ಲಿ ನೆಕ್ಕರಿಕವೂ ಸಿಗುತ್ತದೆ. ನೇರಳೆ ಬಣ್ಣದ ಐದು ದಳಗಳ ಚೆಂದದ ಹೂ. ಎಲೆಯನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ: ಬುಡದಿಂದ ತುದಿಯವರೆಗೆ ಉದ್ದಕ್ಕೆ ಓಡುವ ಮೂರೋ ಐದೋ ಗಟ್ಟಿ ನರಗಳು, ಸವರಿದರೆ ಒರಟು. ಹೂವಿನ ಕೇಸರಗಳಲ್ಲಿ ಎರಡು ಬಗೆ. ಹಳದಿಯವು ದುಂಬಿಗೆ ಉಣಿಸಲು. ಬಾಗಿದ ನೇರಳೆಯವು ದುಂಬಿಗೆ ತಿಳಿಯದಂತೆ ಅದರ ಮೈಗೆ ಪರಾಗ ಬಳಿಯಲು. ಹಣ್ಣು ಬಲಿತು ಒಡೆದಾಗ ಒಳಗಿನ ಕಪ್ಪುನೇರಳೆ ತಿರುಳು ಕಾಣುತ್ತದೆ. ತಿಂದವರ ಬಾಯಿ ಮಸಿ ಕುಡಿದಂತಾಗುತ್ತದೆ. ಮೆಲಾಸ್ಟೋಮ ಎಂಬ ಅದರ ಗ್ರೀಕ್ ಹೆಸರಿನ ಅರ್ಥವೇ 'ಕಪ್ಪು ಬಾಯಿ'. ಹೆಸರಿಟ್ಟವರೂ ಒಂದೆರಡು ಹಣ್ಣು ತಿಂದಿರಬೇಕು!

ಈ ಎರಡು ಹಣ್ಣುಗಳ ಧೈರ್ಯದ ಮೇಲೆ ಮೂರನೆಯದಕ್ಕೆ ಕೈ ಹಾಕಬೇಡಿ. ಬೇಲಿಯ ಮೇಲೆ ಹಬ್ಬುವ ತೊಂಡೆ ನಿಮಗೆ ಗೊತ್ತು. ಅದರ ಪಕ್ಕದಲ್ಲೇ ಲಿಂಗತೊಂಡೆಯೂ ಹಬ್ಬಿರುತ್ತದೆ. ಅದರ ಗುಂಡನೆಯ ಹಣ್ಣಿನ ಮೇಲೆ ಬಿಳಿಯ ಪಟ್ಟೆಗಳು. ಹಸಿರು ಹೋಗಿ ಕೆಂಪಾದರೂ ಪಟ್ಟೆ ಹೋಗುವುದಿಲ್ಲ. ಮಕ್ಕಳ ಕಣ್ಣಿಗೆ ಅದು ಪೆಪ್ಪರಮಿಂಟು. ಆದರೆ ಅದು ತಿನ್ನುವ ಹಣ್ಣಲ್ಲ. ಹಣ್ಣಿಲ್ಲದ ಕಾಲದಲ್ಲೂ ಇವೆರಡನ್ನು ಬೇರೆ ಮಾಡಬಹುದು: ತೊಂಡೆಯ ಕುಡಿಬಳ್ಳಿ ಒಂಟಿ, ಲಿಂಗತೊಂಡೆಯದು ಎರಡಾಗಿ ಕವಲೊಡೆಯುತ್ತದೆ, ತೊಂಡೆಯ ಹೂ ದೊಡ್ಡದು, ಅಚ್ಚ ಬಿಳಿ, ಲಿಂಗತೊಂಡೆಯದು ಸಣ್ಣದು, ಹಳದಿ ಬೆರೆತ ಹಸಿರು. ಗುಲಗಂಜಿಯಂತೂ ಹಣ್ಣೇ ಅಲ್ಲ, ಕಾಯಿ ಒಡೆದು ಹೊರಬಂದ ಬೀಜ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಚೆಲುವಾದ ಕಾಳಿನೊಳಗೆ ಪ್ರಾಣ ತೆಗೆಯುವಷ್ಟು ವಿಷವಿದೆ. ಗೊತ್ತಿಲ್ಲದ ಹಣ್ಣನ್ನು ನಾಲಿಗೆಗೆ ಮುಟ್ಟಿಸಿ ಪರೀಕ್ಷೆ ಮಾಡುವುದು ಸಸ್ಯಶಾಸ್ತ್ರವಲ್ಲ.

ಇನ್ನು ಸ್ವಲ್ಪ ಒಳಗೆ, ನೆರಳಿಗೆ ಹೋಗೋಣ. ಪಶ್ಚಿಮ ಘಟ್ಟದ ಎತ್ತರದ ಕಾಡುಗಳಲ್ಲಿ ಮುಂಗಾರು ಶುರುವಾದ ಕೆಲವೇ ವಾರಗಳಲ್ಲಿ ತರಗೆಲೆಯನ್ನು ಸೀಳಿಕೊಂಡು ಒಂದು ಗಿಡ ಏಳುತ್ತದೆ. ಒಂದೇ ದಂಟು, ಅದರ ಮೇಲೆ ಕೊಡೆಯಂತೆ ಬಿಚ್ಚಿದ ಎಲೆ, ಪಕ್ಕದಲ್ಲಿ ಹೆಡೆ ಎತ್ತಿದ ಹಾವಿನಂಥ ಹಸಿರು ಹೂ. ಇದರ ಕುಲದ ಹೆಸರು ಅರಿಸೀಮ. ಹೆಡೆಯಂತೆ ಕಾಣುವುದು ನಿಜವಾದ ದಳವಲ್ಲ, ಮಾರ್ಪಟ್ಟ ಎಲೆ. ನಿಜವಾದ ಹೂಗಳು ಒಳಗಿನ ಕೋಲಿನ ಬುಡದಲ್ಲಿ ಸಾಸಿವೆಯಂತೆ ಅಂಟಿಕೊಂಡಿರುತ್ತವೆ. ಈ ಕುಲದ ಹಲವು ಜಾತಿಗಳಲ್ಲಿ ಒಂದು ಬೆರಗಿನ ಸಂಗತಿ ಇದೆ. ಗೆಡ್ಡೆ ಸಣ್ಣದಿರುವಾಗ ಗಿಡ ಗಂಡು ಹೂ ಬಿಡುತ್ತದೆ. ವರ್ಷ ಕಳೆದು ಗೆಡ್ಡೆ ದಪ್ಪವಾಗಿ, ಹಣ್ಣು ಹೊರುವ ಶಕ್ತಿ ಬಂದ ಮೇಲೆ ಅದೇ ಗಿಡ ಹೆಣ್ಣಾಗುತ್ತದೆ. ಅಣಬೆಯ ವಾಸನೆಗೆ ಬರುವ ಸಣ್ಣ ನೊಣಗಳು ಹೆಡೆಯೊಳಗೆ ಜಾರಿ ಬೀಳುತ್ತವೆ. ಗಂಡು ಹೂವಿನ ತಳದಲ್ಲಿ ಹೊರಹೋಗಲು ಒಂದು ಕಿಂಡಿ ಇರುತ್ತದೆ, ನೊಣ ಪರಾಗ ಬಳಿದುಕೊಂಡು ಪಾರಾಗುತ್ತದೆ. ಹೆಣ್ಣು ಹೂವಿನಲ್ಲಿ ಆ ಕಿಂಡಿ ಇಲ್ಲ. ಬಂದ ನೊಣ ಪರಾಗ ಕೊಟ್ಟು ಅಲ್ಲೇ ಸಾಯುತ್ತದೆ. ಮಳೆ ಇಳಿಯುವ ಹೊತ್ತಿಗೆ ಹೆಡೆ ಬಾಡಿ ಬಿದ್ದು, ಆ ಕೋಲಿನ ತುಂಬ ಮೆಕ್ಕೆಜೋಳದ ತೆನೆಯಂತೆ ಒತ್ತಾಗಿ ಕೂತ ಕೆಂಪು ಹಣ್ಣುಗಳು ಕಾಣುತ್ತವೆ. ಹೂ ನೋಡದೆ ಹಣ್ಣನ್ನು ಮಾತ್ರ ನೋಡಿದವರಿಗೆ ಎರಡೂ ಒಂದೇ ಗಿಡದ್ದೆಂದರೆ ನಂಬಿಕೆಯೇ ಬರುವುದಿಲ್ಲ.

ಕೆಸುವಿನೆಲೆಯನ್ನು ಹುಣಸೆಹುಳಿ ಹಾಕದೆ ಬೇಯಿಸಿ ತಿಂದವರಿಗೆ ಗಂಟಲು ತುರಿಕೆ ಗೊತ್ತು. ಅರಿಸೀಮ ಅದೇ ಕುಟುಂಬದ್ದು, ಸುವರ್ಣಗೆಡ್ಡೆಯೂ ಅದೇ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಈ ಗಿಡಗಳ ಮೈಯಲ್ಲಿವೆ. ಹಣ್ಣನ್ನು ಬರಿಗೈಯಲ್ಲಿ ಹಿಸುಕಿದರೂ ಕೈ ತುರಿಸುತ್ತದೆ.

ಈಗ ಸರ್ಪಗಂಧದ ಮಾತು. ಇದನ್ನು ಹೇಳಲೆಂದೇ ಈ ಭಾಷಣವನ್ನು ಒಪ್ಪಿಕೊಂಡೆ.

ನಾನು ಪದವಿ ಓದುತ್ತಿದ್ದಾಗ ಒಣಗಿಸಿದ ಸಸ್ಯಗಳ ಸಂಗ್ರಹ ಒಪ್ಪಿಸಬೇಕಾಗಿತ್ತು. ನಮ್ಮೂರಿನ ಸೊಪ್ಪಿನ ಬೆಟ್ಟದಲ್ಲಿ, ಒಂದು ಬಂಡೆಯ ನೆರಳಿನಲ್ಲಿ ಐದು ಸರ್ಪಗಂಧದ ಗಿಡಗಳಿದ್ದವು. ಮೊಣಕಾಲಿಗಿಂತ ಎತ್ತರವಿಲ್ಲ. ಒಂದೊಂದು ಗೆಣ್ಣಿನಲ್ಲೂ ಮೂರು ಮೂರು ಎಲೆ ಸುತ್ತುಗಟ್ಟಿ ಕೂತಿದ್ದವು. ಬಿಳಿ ಹೂವಿಗೆ ಕೆಂಪು ತೊಟ್ಟು. ಅದೇ ಗೊಂಚಲಿನಲ್ಲಿ ಹಸಿರು ಕಾಯಿ, ಕೆಂಪು ದೋರೆಗಾಯಿ, ಕಪ್ಪು ಹಣ್ಣು ಎಲ್ಲವೂ ಒಟ್ಟಿಗೆ. ನನಗೊಂದು, ಇಬ್ಬರು ಗೆಳೆಯರಿಗೆ ಒಂದೊಂದು ಎಂದು ಮೂರು ಗಿಡಗಳನ್ನು ಬೇರುಸಹಿತ ಕಿತ್ತೆ. ಬೇರು ಮುರಿಯಬಾರದೆಂದು ಬಹಳ ಜಾಗ್ರತೆಯಿಂದ ಅಗೆದೆ. ಒಳ್ಳೆಯ ಅಂಕವೂ ಬಂತು. ಮರುವರ್ಷ ಹೋಗಿ ನೋಡಿದರೆ ಬಂಡೆಯ ಬುಡದಲ್ಲಿ ಉಳಿದಿದ್ದ ಎರಡೂ ಇರಲಿಲ್ಲ, ಎರಡು ಗುಂಡಿಗಳಿದ್ದವು. ಬೇರು ಮಾರುವವರು ಯಾರೋ ಅಗೆದಿದ್ದರು. ಅವರನ್ನು ಬಯ್ದುಕೊಂಡು ಬಂದೆ. ಐದರಲ್ಲಿ ಮೂರು ನನ್ನ ಲೆಕ್ಕಕ್ಕೆ ಸೇರಿದ್ದು ಎಂಬುದು ಹೊಳೆಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಬೇರಿಗೆ ಅಷ್ಟು ಬೇಡಿಕೆ ಏಕೆ? ನಮ್ಮ ವೈದ್ಯರಿಗೆ ಇದು ಹಳೆಯ ಮದ್ದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಇದರ ಗುಣಗಳ ಬಗ್ಗೆ ಬರೆದರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲೆ ಇದರ ಪರಿಣಾಮವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರಿನಿಂದ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅಲ್ಲಿಗೆ ಜಗತ್ತೇ ಈ ಪುಟ್ಟ ಗಿಡದ ಬುಡಕ್ಕೆ ಕೈ ಹಾಕಿತು. ಇಂದು ವೈದ್ಯರು ರಿಸರ್ಪಿನ್ ಬರೆದುಕೊಡುವುದು ಬಹಳ ಕಡಿಮೆ. ಆದರೆ ಕಾಡಿನಲ್ಲಿ ಕಳೆದುಹೋದ ಗಿಡಗಳು ಮರಳಿ ಬರಲಿಲ್ಲ. ಹಣ್ಣು ಕಿತ್ತರೆ ಗಿಡ ಉಳಿಯುತ್ತದೆ, ಬೇರು ಕಿತ್ತರೆ ಮುಗಿಯಿತು. 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ.

ಸರ್ಪಗಂಧವೆಂದು ಹೇಳಿ ಬೇರೊಂದನ್ನು ಕೊಡುವುದೂ ಉಂಟು. ಅಮೆರಿಕ ಖಂಡದಿಂದ ಬಂದ ಅದರ ದಾಯಾದಿ ರಾವೋಲ್ಫಿಯಾ ಟೆಟ್ರಾಫಿಲ್ಲ ನಮ್ಮ ರಸ್ತೆಬದಿಯಲ್ಲೂ ಬೆಳೆಯುತ್ತದೆ. ಅದರಲ್ಲಿ ಸುತ್ತಿಗೆ ಸಾಮಾನ್ಯವಾಗಿ ನಾಲ್ಕು ಎಲೆ, ಅವೂ ಒಂದು ದೊಡ್ಡದು ಒಂದು ಚಿಕ್ಕದು. ಹೂ ತೀರಾ ಸಣ್ಣದು, ಕೆಂಪು ತೊಟ್ಟಿಲ್ಲ. ಹಣ್ಣು ಮಾತ್ರ ಅದೂ ಕೆಂಪಾಗಿ ಕಪ್ಪಾಗುತ್ತದೆ. ಬರಿಯ ಹಣ್ಣು ನೋಡಿ ಹೆಸರು ಹೇಳಿದವರು ಮೋಸ ಹೋಗುವುದು ಇಲ್ಲಿಯೇ. ಎಲೆ ಎಣಿಸಿ, ಹೂ ನೋಡಿ.

ಈಗ ಬೆಳೆಸುವ ಮಾತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಏನನ್ನೂ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವುದು ಹುಲಿಗಷ್ಟೇ ಅಲ್ಲ. ನಿಮ್ಮ ತೋಟದ ಅಂಚು, ಊರಿನ ಬೇಲಿ, ಪರಿಚಯದ ನರ್ಸರಿ, ಇವು ಸಾಕು. ಗಿಡ ಎಷ್ಟೇ ತುಂಬಿ ಬಿಟ್ಟಿದ್ದರೂ ನಾಲ್ಕಾರು ಹಣ್ಣಿಗಿಂತ ಹೆಚ್ಚು ಕೀಳಬೇಡಿ. ಉಳಿದವು ಹಕ್ಕಿಯ ಪಾಲು. ಪೂರ್ತಿ ಬಲಿತ ಹಣ್ಣನ್ನೇ ಆರಿಸಿ. ಸರ್ಪಗಂಧದಲ್ಲಿ ಕೆಂಪಲ್ಲ, ಕಪ್ಪಾದದ್ದು.

ತಿರುಳನ್ನು ನೀರಿನಲ್ಲಿ ಹಿಸುಕಿ ತೊಳೆದು ಬೀಜ ಬಿಡಿಸಿ. ಹಕ್ಕಿಯ ಹೊಟ್ಟೆ ಮಾಡುವ ಕೆಲಸವನ್ನೇ ನೀವು ಮಾಡುತ್ತಿರುವುದು. ಹಲವು ಹಣ್ಣುಗಳ ತಿರುಳು ಬೀಜವನ್ನು ಮೊಳೆಯಗೊಡುವುದಿಲ್ಲ, ಅಲ್ಲದೆ ಬೂಸ್ಟು ಹಿಡಿಸುತ್ತದೆ. ಅರಿಸೀಮಕ್ಕಾದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ತೊಳೆದ ಬೀಜವನ್ನು ಬಟ್ಟಲು ನೀರಿಗೆ ಹಾಕಿದಾಗ ತೇಲಿದ್ದು ಹೆಚ್ಚಾಗಿ ಜೊಳ್ಳು, ಮುಳುಗಿದ್ದು ಬಿತ್ತನೆಗೆ. ಸರ್ಪಗಂಧದಲ್ಲಿ ಜೊಳ್ಳಿನ ಪಾಲು ಹೆಚ್ಚು, ಸಿಪ್ಪೆಯೂ ಕಲ್ಲಿನಂಥದು. ಬೀಜವನ್ನು ಡಬ್ಬಿಯಲ್ಲಿಟ್ಟು ಮರೆತರೆ ಮೊಳೆಯುವ ಶಕ್ತಿ ಕುಂದುತ್ತದೆ. ಹಸಿಯಾಗಿರುವಾಗಲೇ ಬಿತ್ತುವುದು ಲೇಸು.

ಮಣ್ಣಿಗೆ ಕಾಡನ್ನೇ ನೋಡಿ ಕಲಿಯಬೇಕು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಎರಡು ಪಾಲು ಚೆನ್ನಾಗಿ ಕೊಳೆತ ತರಗೆಲೆ ಗೊಬ್ಬರ. ತಳದಲ್ಲಿ ತೂತಿರುವ ಯಾವ ಡಬ್ಬವಾದರೂ ಆಗುತ್ತದೆ. ಬೀಜದ ದಪ್ಪದಷ್ಟೇ ಮಣ್ಣು ಮುಚ್ಚಿ, ಮರದ ಕೆಳಗೆ ಚದುರಿದ ಬಿಸಿಲು ಬೀಳುವ ಕಡೆ ಇಡಿ. ನೆಕ್ಕರಿಕದ ಬೀಜ ಮಾತ್ರ ಧೂಳಿನಷ್ಟು ಸಣ್ಣದು; ಅದನ್ನು ಮಣ್ಣಿನ ಮೇಲೆ ಉದುರಿಸಿ ಹಾಗೇ ಬಿಡಬೇಕು, ಮುಚ್ಚಬಾರದು. ಅದಕ್ಕೆ ಹುಳಿ ಮಣ್ಣು, ಹೆಚ್ಚು ಬಿಸಿಲು ಬೇಕು. ಕೇಪಳಕ್ಕೆ ಇಷ್ಟೆಲ್ಲ ಪರದಾಟವಿಲ್ಲ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ. ಶತಾವರಿಯನ್ನು, ಅಂದರೆ ನಮ್ಮ ಹಲವು ಮಕ್ಕಳ ತಾಯಿ ಬೇರನ್ನು, ಬೆಳೆಸುವವರು ಕೆಂಪು ಹಣ್ಣಿನೊಳಗಿನ ಕರಿ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಹಾಕಬೇಕು. ಆ ಗಿಡದಲ್ಲಿ ಎಲೆಯೆಂದು ನಾವು ನೋಡುವ ಹಸಿರು ಸೂಜಿಗಳು ಎಲೆಯಲ್ಲ, ಮಾರ್ಪಟ್ಟ ಕಾಂಡ. ಬೇಕಿದ್ದರೆ ನಿಮ್ಮ ಅಧ್ಯಾಪಕರನ್ನು ಕೇಳಿ, ಅವರಿಗೂ ಸಂತೋಷವಾಗುತ್ತದೆ.

ಒಂದು ಗಿಡ ಮಾತ್ರ ಬೇಡ: ಲಂಟಾನ. ಹೂವಿನ ಬಣ್ಣಕ್ಕೆ ಮರುಳಾಗಿ 19ನೆಯ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ಉದ್ಯಾನಕ್ಕೆಂದು ತಂದದ್ದು. ಅದರ ಕಪ್ಪು ಹಣ್ಣನ್ನು ಹಕ್ಕಿಗಳು ಹೊತ್ತೊಯ್ದು, ಇಂದು ಬಂಡೀಪುರದಿಂದ ಮಲೆಮಹದೇಶ್ವರ ಬೆಟ್ಟದವರೆಗೆ ಕಾಡಿನ ನೆಲವನ್ನೇ ಮುಚ್ಚಿದೆ. ಅದರಡಿಯಲ್ಲಿ ನಮ್ಮ ನೆಲದ ಗಿಡಗಳಿಗೆ ಬೆಳಕೇ ಸಿಗುವುದಿಲ್ಲ.

ಮತ್ತೆ, ತಾಳ್ಮೆ. ಸರ್ಪಗಂಧದ ಬೀಜ ಮೂರು ವಾರಕ್ಕೆ ಮೊಳೆಯಲು ಶುರುಮಾಡಿ ಏಳು ವಾರದವರೆಗೂ ಒಂದೊಂದಾಗಿ ಏಳುತ್ತಿರುತ್ತದೆ; ಬೇಸತ್ತು ಡಬ್ಬ ಬಗ್ಗಿಸಬೇಡಿ. ಅರಿಸೀಮಕ್ಕೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಮೊದಲ ವರ್ಷ ಒಂದು ಪುಟ್ಟ ಎಲೆ ತೋರಿಸಿ ಮಳೆ ಮುಗಿಯುತ್ತಲೇ ಮಾಯವಾಗುತ್ತದೆ. ಗಿಡ ಸತ್ತಿಲ್ಲ, ಗೆಡ್ಡೆ ಮಣ್ಣಿನಡಿ ಮಲಗಿರುತ್ತದೆ. ನಮ್ಮ ತಾಯಿಗೆ ಇದು ಗೊತ್ತಿರಲಿಲ್ಲ. ಖಾಲಿ ಕುಂಡವೆಂದು ತಿಳಿದು ಮಣ್ಣನ್ನು ಬಸಳೆಯ ಬುಡಕ್ಕೆ ಸುರಿದುಬಿಟ್ಟರು. ಮೂರು ಮಳೆಗಾಲ ಕಳೆದ ಮೇಲೆ ಬಸಳೆ ಚಪ್ಪರದಡಿ ಹೆಡೆ ಎದ್ದಾಗ ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕೋಲು ಹಿಡಿದು ಓಡಿಬಂದರು. ಆದ್ದರಿಂದ ಕುಂಡಕ್ಕೆ ಒಂದು ಚೀಟಿ ಇರಲಿ: ಗಿಡದ ಹೆಸರು, ಬಿತ್ತಿದ ದಿನ, ಬೀಜ ತಂದ ಜಾಗ. ಮಳೆಗೆ ಶಾಯಿ ಅಳಿಸುತ್ತದೆ, ಪೆನ್ಸಿಲಿನಲ್ಲಿ ಬರೆಯಿರಿ.

ಸರ್ಪಗಂಧವನ್ನು ನಾನು ಮತ್ತೆ ಬೆಳೆಸಿದ್ದು ಪಾಠ ಹೇಳುವ ಕೆಲಸದಿಂದ ನಿವೃತ್ತನಾದ ಮೇಲೆ. ನರ್ಸರಿಯೊಂದರಿಂದ ತಂದ ಬೀಜಗಳಲ್ಲಿ ಮುಳುಗಿದ ನಲವತ್ತನ್ನು ಬಿತ್ತಿದೆ, ಒಂಬತ್ತು ಮೊಳೆತವು. ಎರಡನೆಯ ವರ್ಷ ಹೂ, ಆಮೇಲೆ ಹಣ್ಣು. ಬೀಜಕ್ಕೆಂದು ಕಪ್ಪಾಗಲು ಬಿಟ್ಟ ಗೊಂಚಲನ್ನು ಒಂದು ಬೆಳಿಗ್ಗೆ ಪಿಕಳಾರ ಜೋಡಿಯೊಂದು ಬರಿದು ಮಾಡಿ ಹೋಯಿತು. ಸಿಟ್ಟು ಬಂತೆಂದು ಸುಳ್ಳು ಹೇಳಲಾರೆ. ಕಳೆದ ಮಳೆಗಾಲದಲ್ಲಿ ಬೇಲಿಯಾಚೆ, ಹಲಸಿನ ಮರದಡಿಯ ತರಗೆಲೆಯ ನಡುವೆ, ಗೇಣುದ್ದದ ಒಂದು ಗಿಡ ಕಂಡಿತು. ಬಗ್ಗಿ ಎಲೆ ಎಣಿಸಿದೆ. ಸುತ್ತಿಗೆ ಮೂರು ಇದ್ದವು. ಹೂ ಬಿಡುವುದನ್ನು ನೋಡಬೇಕೆಂದು ಅದಕ್ಕೊಂದು ದಾರ ಕಟ್ಟಿ ಬಂದಿದ್ದೇನೆ.